ಸಹಿಯ ಜಾಗ ಮಾತ್ರ ಕಾಣುವ ಶಿಫಾರಸು ಪತ್ರ

ಮೆಡಿಕಲ್ ಕಾಲೇಜಿನ ರೇಡಿಯಾಲಜಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ನೀವು ಓದದೆ ಸಹಿ ಹಾಕಿದ ಒಂದು ಪತ್ರದಿಂದ ನಿಮ್ಮದೇ ವಿದ್ಯಾರ್ಥಿನಿ ಡಾಕ್ಟರ್ ಜಸೀಲಾ ಅವರ ಸೀಟು ಕೈತಪ್ಪಿದೆ. ಆ ಪತ್ರವನ್ನು ಟೈಪ್ ಮಾಡಿದವಳು ನಾನು. ಎರಡನ್ನೂ ಮೊದಲೇ ಹೇಳಿಬಿಟ್ಟೆ. ಹಾಳೆಯ ಕೆಳಭಾಗವನ್ನು ಮಾತ್ರ ನೋಡುವ ಅಭ್ಯಾಸ ನಿಮಗಿದೆ ಎಂದು ಗೊತ್ತು. ಇದೊಂದನ್ನು ದಯವಿಟ್ಟು ಮೇಲಿನಿಂದ ಓದಿ.

ನನ್ನನ್ನು ನೀವು ಗಮನಿಸಿರಲಿಕ್ಕಿಲ್ಲ. ನಿಮ್ಮ ಕಾಲೇಜಿನ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಆರು ವರ್ಷಗಳಿಂದ ಟೈಪ್ ಮಾಡುತ್ತಿದ್ದೇನೆ. ನಾನು ಕಲಿತದ್ದು ಬೆಳುವಾಯಿಯಲ್ಲಿ ಏಳನೇ ತರಗತಿಯವರೆಗೆ. ಇಂಗ್ಲಿಷನ್ನು ಮೊದಲು ಅಕ್ಷರ ನೋಡಿ ಟೈಪ್ ಮಾಡುತ್ತಿದ್ದೆ, ಅರ್ಥ ಆಮೇಲೆ ಬಂತು. ಒಂದೇ ಪತ್ರವನ್ನು ಆರು ವರ್ಷ ಟೈಪ್ ಮಾಡಿದರೆ ಯಾರಿಗಾದರೂ ಅರ್ಥ ಬಂದೇ ಬರುತ್ತದೆ. ನಿಮಗೆ ಇನ್ನೂ ಬಂದಿಲ್ಲವಾದರೆ ಕಾರಣ ಸುಲಭ. ನೀವು ಅದನ್ನು ಒಂದು ಸಲವೂ ಓದಿಲ್ಲ.

ಹೊರದೇಶದ ಆಸ್ಪತ್ರೆಗಳಲ್ಲಿ ರೇಡಿಯಾಲಜಿ ಕಲಿಯಲು ಸೇರಬೇಕಾದರೆ ಪರೀಕ್ಷೆಯ ಅಂಕ ಸಾಲುವುದಿಲ್ಲವಂತೆ. ಅಭ್ಯರ್ಥಿಯ ಕೆಲಸವನ್ನು ಹತ್ತಿರದಿಂದ ಕಂಡ ಮೂವರು ಹಿರಿಯ ವೈದ್ಯರು ಪತ್ರ ಬರೆದುಕೊಡಬೇಕು. ನಿಮ್ಮ ವಿಭಾಗದಲ್ಲಿ ಇದಕ್ಕೊಂದು ಪದ್ಧತಿ ಉಂಟು. ನಿಮ್ಮ ಕಚೇರಿಯ ಗುಮಾಸ್ತ ಶೋಧನ್ ಅವರು ಪೆನ್‌ಡ್ರೈವ್‌ನಲ್ಲಿ ಒಂದು ಪತ್ರ ತರುತ್ತಾರೆ. ಮೊದಲ ದಿನ ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ.

"ಹೆಸರು ಮಾತ್ರ ಬದಲಿಸು ಮಾರಾಯ್ತಿ. ಬೇರೆ ಎಂತದ್ದೂ ಮುಟ್ಟಬೇಡ."

"ಸಾರ್ ಓದಿ ನೋಡುದಿಲ್ವಾ?" ಎಂದು ಕೇಳಿದೆ.

"ಓದಿದ್ರೆ ಸಹಿ ಹಾಕ್ತಿದ್ರಾ?"

ಗುರುವಾರ ನೀವು ಕಾಲೇಜಿನಿಂದ ಹೊರಡುವಾಗ ಪೋರ್ಟಿಕೋದಲ್ಲಿ ಕಾರಿನ ಬಾನೆಟ್ಟೇ ನಿಮ್ಮ ಮೇಜು. ಶೋಧನ್ ಅವರು ಪತ್ರಗಳನ್ನು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಜಾರಿಸಿ ಹಿಡಿಯುತ್ತಾರೆ. ಪ್ರತಿ ಹಾಳೆಯಲ್ಲೂ ಸಹಿಯ ಜಾಗ ಮಾತ್ರ ಹೊರಗೆ ಕಾಣುತ್ತದೆ, ಮೇಲಿನದ್ದೆಲ್ಲ ಮುಚ್ಚಿರುತ್ತದೆ. ನೀವು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮೆಟ್ಟಿಲು ಇಳಿದ ಹಾಗೆ ಸಹಿ ಹಾಕುತ್ತಾ ಹೋಗುತ್ತೀರಿ. ಮರೆತ ಹಾಳೆ ಕೊಡಲು ಒಮ್ಮೆ ಓಡಿ ಬಂದಾಗ ಕಣ್ಣಾರೆ ಕಂಡೆ. ಒಬ್ಬರ ಜೀವನ ಯಾವ ಹಾಳೆಯಲ್ಲಿದೆ ಎಂದು ಕೂಡ ತಿಳಿಯದೆ ಹಾಕುವ ಸಹಿಗೆ ಎಷ್ಟು ಚಂದದ ಅಕ್ಷರ! ಅಂದೇ ನನಗೆ ಹೇಸಿಗೆ ಬಂದಿತ್ತು. ಆದರೂ ಮರುದಿನ ಹೋಗಿ ಕಂಪ್ಯೂಟರ್ ಎದುರು ಕುಳಿತೆ. ಆ ಹೇಸಿಗೆಯಲ್ಲಿ ನನ್ನ ಪಾಲೂ ಉಂಟು.

ಜಸೀಲಾ ಬಂಟ್ವಾಳದವರು. ನಿಮ್ಮಲ್ಲಿ ಎಂಬಿಬಿಎಸ್ ಮುಗಿಸಿ, ಹೌಸ್ ಸರ್ಜನ್ ಆಗಿ ಒಂದು ವರ್ಷ ದುಡಿದು, ಆಮೇಲೆ ಎರಡು ವರ್ಷ ಬೆಳ್ತಂಗಡಿಯ ಡಾಕ್ಟರ್ ಕಮಲಾಕ್ಷ ಅವರ ಸಣ್ಣ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ ಕಲಿತರು. ಅಲ್ಲಿ ಕಲಿಸುವ ಕ್ರಮ ಬೇರೆ. ಕಮಲಾಕ್ಷ ಡಾಕ್ಟ್ರು ಸ್ಕ್ಯಾನ್ ಮಾಡುವಾಗ ಜಸೀಲಾ ಪಕ್ಕದಲ್ಲಿ ಕುಳಿತು ಪರದೆ ನೋಡಬೇಕು. ತನಗೆ ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ಹಾಳೆ ಮಡಚಬೇಕು. ಆಮೇಲೆ ಡಾಕ್ಟ್ರು ತಮ್ಮ ರಿಪೋರ್ಟ್ ಹೇಳುತ್ತಾರೆ. ಸಂಜೆ ಮಡಿಕೆ ಬಿಡಿಸಿ ಎರಡನ್ನೂ ಹೋಲಿಸಿ ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. ಹೀಗೆ ಎರಡು ವರ್ಷದಲ್ಲಿ ಹದಿನಾಲ್ಕು ನೋಟ್‌ಬುಕ್ ತುಂಬಿವೆ. ಅವುಗಳ ಜೆರಾಕ್ಸ್ ತೆಗೆದವಳೂ ನಾನೇ. ಮೊದಲ ಪುಸ್ತಕದಲ್ಲಿ ಕಪ್ಪಿಗಿಂತ ಕೆಂಪು ಹೆಚ್ಚು. ಕೊನೆಯದರಲ್ಲಿ ಕೆಂಪನ್ನು ಹುಡುಕಬೇಕು.

ಕಳೆದ ವರ್ಷ ಜಸೀಲಾ ಕೊಲ್ಲಿ ದೇಶದ ಒಂದು ದೊಡ್ಡ ಆಸ್ಪತ್ರೆಗೆ ಅರ್ಜಿ ಹಾಕಿದರು. ಪತ್ರ ನಾಲ್ಕು ಆಗಿತ್ತು, ಕಳಿಸಬೇಕಾದದ್ದು ಮೂರು. ಕಲಿತ ಕಾಲೇಜಿನ ವಿಭಾಗ ಮುಖ್ಯಸ್ಥರದ್ದು, ಅಂದರೆ ನಿಮ್ಮದು, ಕಡ್ಡಾಯ. ಉಳಿದವು ನಿಮ್ಮ ಆಸ್ಪತ್ರೆಯ ಅಧೀಕ್ಷಕರದ್ದು, ಸರ್ಜರಿ ಪ್ರೊಫೆಸರರದ್ದು, ಕಮಲಾಕ್ಷ ಡಾಕ್ಟ್ರದ್ದು. ನಿಮ್ಮ ಅಂಟಿಸಿದ ಲಕೋಟೆಯೂ ಸೇರಿ ನಾಲ್ಕನ್ನೂ ನಮ್ಮ ಅಂಗಡಿಯ ಗಾಜಿನ ಮೇಲೆ ಹರಡಿ ಆರಿಸಲು ನಿಂತರು. ಜೊತೆಗೆ ಅವರ ತಂದೆ ಅಬ್ದುಲ್ ವಹಾಬ್ ಅವರೂ ಇದ್ದರು.

ಕಮಲಾಕ್ಷ ಡಾಕ್ಟ್ರ ಪತ್ರ ಕೈಬರಹದ ಅರ್ಧ ಪುಟ. "ಮೊದಲ ಆರು ತಿಂಗಳಲ್ಲಿ ಪಿತ್ತಕೋಶದ ವಿಷಯದಲ್ಲಿ ಇವಳು ಹನ್ನೊಂದು ಸಲ ತಪ್ಪಿದಳು. ಕೊನೆಯ ಆರು ತಿಂಗಳಲ್ಲಿ ಎರಡು ಸಲ. ಎರಡನ್ನೂ ನಾನು ಹಿಡಿಯುವ ಮೊದಲೇ ಬಂದು ಹೇಳಿದಳು. ಒಮ್ಮೆ ತಪ್ಪಿದ್ದು ನಾನು, ಸರಿಯಾಗಿ ನೋಡಿದ್ದು ಇವಳು" ಎಂದು ಬರೆದಿದ್ದರು.

ಜಸೀಲಾ ಓದಿ ಹೇಳಿದಾಗ ಅವರ ತಂದೆಗೆ ಗಾಬರಿ. "ಇದೆಂತ ಮಗಳೇ, ಹೆಣ್ಣು ನೋಡ್ಲಿಕ್ಕೆ ಬಂದವರ ಹತ್ರ ಹುಡುಗಿಗೆ ಎಷ್ಟು ಸಲ ಕೋಪ ಬಂತು ಅಂತ ಹೇಳಿದ ಹಾಗೆ ಆಯ್ತಲ್ಲ!"

"ಅಬ್ಬಾ, ನನ್ನ ಕೆಲಸ ನೋಡಿದವರು ಅವರೊಬ್ಬರೇ" ಎಂದು ಜಸೀಲಾ ತಂದೆಗೆ ಹೇಳಿದರು.

"ನೋಡಿದ್ದು ಹೌದು. ಆದರೆ ಅವರನ್ನು ಅಲ್ಲಿ ಯಾರು ನೋಡಿದ್ದಾರೆ? ದೊಡ್ಡವರ ಸಹಿ ಇರ್ಲಿ."

ಜಸೀಲಾ ನನ್ನ ಕಡೆ ತಿರುಗಿದರು. "ವಿನೋದಾ, ನೀನು ದಿನಾ ನೋಡ್ತೀಯಲ್ಲ, ಯಾವುದು ಬಿಡುದು?"

ಮಾತಾಡಲು ಹಿಂಜರಿಯುವ ನಾನು ಅಂದು ಮಾತಾಡಿದೆ. "ಇದರಲ್ಲಿ ಸೀಲೇ ಇಲ್ಲ, ಡಾಕ್ಟ್ರೇ. ಇದನ್ನು ಬಿಡುವ." ಹೇಳಿದ್ದು ಮಾತ್ರವಲ್ಲ, ನನ್ನ ಕೈಯಿಂದಲೇ ಕಮಲಾಕ್ಷ ಡಾಕ್ಟ್ರ ಪತ್ರವನ್ನು ಬದಿಗಿಟ್ಟೆ.

ಇನ್ನು ನಿಮ್ಮ ಪತ್ರದ ವಿಷಯ. ಅದರ ಎರಡನೇ ಪ್ಯಾರಾದಲ್ಲಿ, ಅಭ್ಯರ್ಥಿಯು ನಿಮ್ಮ ಮೇಲ್ವಿಚಾರಣೆಯಲ್ಲಿ ಎಂಆರ್‌ಐ ಘಟಕದಲ್ಲಿ ಆರು ತಿಂಗಳು ದುಡಿದು ಅಸಾಧಾರಣ ಕೌಶಲ ತೋರಿಸಿದ್ದಾರೆ ಎಂದಿದೆ. ಜಸೀಲಾ ಅದನ್ನು ಕಳಿಸುವ ಮೊದಲು ಓದಲಿಲ್ಲ. ಓದುವಂತೆ ಇರಲೂ ಇಲ್ಲ, ನಿಮ್ಮ ಕಚೇರಿ ಲಕೋಟೆಯನ್ನು ಅಂಟಿಸಿಯೇ ಕೊಡುತ್ತದೆ. ಗೌಪ್ಯತೆಗಂತೆ! ಆ ಸಾಲು ಸುಳ್ಳೆಂದು ನನಗೆ ಗೊತ್ತಿತ್ತು. ಯಾಕೆಂದರೆ "ಎಂಆರ್‌ಐ ಸೇವೆ ತಾತ್ಕಾಲಿಕವಾಗಿ ಸ್ಥಗಿತಗೊಂಡಿದೆ" ಎಂಬ ನೋಟೀಸನ್ನೂ ನಾನೇ ಟೈಪ್ ಮಾಡಿದ್ದೆ. ಜಸೀಲಾ ಹೌಸ್ ಸರ್ಜನ್ ಆಗುವ ಮೊದಲೇ ಅದು ಆ ಘಟಕದ ಬಾಗಿಲಿಗೆ ಅಂಟಿತ್ತು. ಬಣ್ಣ ಮಾಸಿತೆಂದು ಎರಡು ಸಲ ಹೊಸದಾಗಿ ಲ್ಯಾಮಿನೇಷನ್ ಮಾಡಿಕೊಟ್ಟಿದ್ದೇನೆ. ಒಂದೇ ಕೀಬೋರ್ಡಿನಿಂದ ಬೀಗ ಹಾಕಿದ ಕೋಣೆಯ ನೋಟೀಸೂ ಹೋಯಿತು, ಅದೇ ಕೋಣೆಯೊಳಗೆ ಕೌಶಲ ತೋರಿಸಿದ ಪತ್ರವೂ ಹೋಯಿತು. ಹೆಸರು ಮಾತ್ರ ಬದಲಿಸು ಎಂದಿದ್ದರು. ನಾನು ಹಾಗೇ ಮಾಡಿದೆ.

ವಿಡಿಯೊ ಸಂದರ್ಶನದಲ್ಲಿ ಆಸ್ಪತ್ರೆಯವರು ಕೇಳಿದರಂತೆ, "ಎಂಆರ್‌ಐಯಲ್ಲಿ ನೀವು ಕಂಡ ಒಬ್ಬ ರೋಗಿಯ ವಿಷಯ ಹೇಳಿ." ಜಸೀಲಾಗೆ ತಬ್ಬಿಬ್ಬಾಯಿತು. ನಮ್ಮಲ್ಲಿ ಆ ಯಂತ್ರ ಮುಚ್ಚಿದೆ ಎಂದು ಇದ್ದದ್ದನ್ನು ಹೇಳಿದರು. ಆಗ ಅವರು ಪರದೆಯ ಮೇಲೆ ಮೂರು ಪತ್ರಗಳನ್ನು ಒಟ್ಟಿಗೆ ತೋರಿಸಿದರಂತೆ. ಮೂರೂ ನಿಮ್ಮವು. ಆ ವರ್ಷ ನಿಮ್ಮ ಕಾಲೇಜಿನಿಂದ ಮೂವರು ಅರ್ಜಿ ಹಾಕಿದ್ದರು. ಹೆಸರು ಮೂರು, ಹೊಗಳಿಕೆ ಒಂದೇ. ಕೊನೆಗೆ ಒಬ್ಬರು ಕೇಳಿದರಂತೆ, "ನಿಮ್ಮ ಕೆಲಸವನ್ನು ನಿಜವಾಗಿ ನೋಡಿದವರು ಯಾರಾದರೂ ಇದ್ದಾರಾ?"

"ಇದ್ದಾರೆ. ಅವರ ಪತ್ರ ಮನೆಯಲ್ಲಿದೆ" ಎಂದರಂತೆ ಜಸೀಲಾ.

ಇದನ್ನು ನನಗೆ ಹೇಳುವಾಗ ಅವರು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ಅವರು ನಿಮ್ಮ ಬಾಗಿಲಿಗೆ ಬಂದರು. ನೀವು ಅರ್ಧ ತೆರೆದ ಬಾಗಿಲಿನಿಂದಲೇ ಹೇಳಿದಿರಿ, "ಒಳ್ಳೇದೇ ಬರೆದಿದ್ದೇನಲ್ಲಮ್ಮ, ಇನ್ನೆಂತ ಬೇಕು?"

ಸ್ವಾಮಿ, ನಿಮ್ಮ ವಿದ್ಯೆ ಯಾವುದು? ನೋಡುವುದು, ನೋಡಿದ್ದನ್ನು ಬರೆಯುವುದು. ಬೇರೆ ಡಾಕ್ಟರರು ಮುಟ್ಟುತ್ತಾರೆ, ಕೊಯ್ಯುತ್ತಾರೆ, ಹೊಲಿಯುತ್ತಾರೆ. ನಿಮ್ಮದು ಕಣ್ಣು ಮತ್ತು ಸಹಿ, ಅಷ್ಟೇ. ಪೊಳಲಿಯ ಹೆಂಗಸಿನ ಹೊಟ್ಟೆಯ ರಿಪೋರ್ಟಿನಲ್ಲಿ ಹೆಸರು ಮಾತ್ರ ಬದಲಿಸಿ ಸಿದ್ಧಕಟ್ಟೆಯ ಗಂಡಸಿಗೆ ಕೊಡುತ್ತೀರಾ? ಕೊಟ್ಟು, "ಎಲ್ಲ ಸರಿ ಇದೆ ಅಂತ ಒಳ್ಳೇದೇ ಬರೆದಿದ್ದೇನಲ್ಲ" ಎನ್ನುತ್ತೀರಾ? ರೋಗಿಗೆ ಮಾಡಿದರೆ ಅಪರಾಧವಾಗುವುದು ವಿದ್ಯಾರ್ಥಿಗೆ ಮಾಡಿದರೆ ಉಪಕಾರ ಹೇಗೆ ಆಗುತ್ತದೆ? ಮೂರು ವರ್ಷ ಮುಚ್ಚಿದ ಕೋಣೆಯಲ್ಲಿ ಕೌಶಲ ಕಂಡ ನಿಮ್ಮ ಕಣ್ಣಿಗೆ, ಎದುರು ನಿಂತವಳು ಕಾಣಲಿಲ್ಲವೇ? ನೀವು ಅವರ ಬಗ್ಗೆ ಕೆಟ್ಟದ್ದು ಬರೆದಿದ್ದರೂ ಇಷ್ಟು ಅಸಹ್ಯವಾಗುತ್ತಿರಲಿಲ್ಲ. ಕೆಟ್ಟದ್ದು ಬರೆಯಬೇಕಾದರೂ ಒಮ್ಮೆ ನೋಡಬೇಕಲ್ಲ.

ಆ ಆಸ್ಪತ್ರೆ ಜಸೀಲಾಗೆ ಇನ್ನೊಂದೇ ಒಂದು ಅವಕಾಶ ಕೊಟ್ಟಿದೆ. ಮುಂದಿನ ತಿಂಗಳು ಹತ್ತನೇ ತಾರೀಕಿನೊಳಗೆ ಮೂರು ಪತ್ರ ತಲುಪಬೇಕು. ಈ ಸಲ ಕಮಲಾಕ್ಷ ಡಾಕ್ಟ್ರ ಪತ್ರ ಎಲ್ಲಕ್ಕಿಂತ ಮೇಲೆ ಹೋಗುತ್ತದೆ. ಆದರೆ ನಿಮ್ಮದು ಈಗಲೂ ಕಡ್ಡಾಯ. ಮೊನ್ನೆ ಶೋಧನ್ ಅವರು ಅದೇ ಪೆನ್‌ಡ್ರೈವ್ ಹಿಡಿದುಕೊಂಡು ಬಂದರು, "ಎಂಆರ್‌ಐ ತೆಗೆದು ಸಿಟಿ ಸ್ಕ್ಯಾನ್ ಹಾಕು, ಆಯ್ತಲ್ಲ" ಎಂದರು.

ಆಗಲಿಲ್ಲ. ನಾನು ಟೈಪ್ ಮಾಡಲಿಲ್ಲ. ಇದನ್ನು ನಿಮ್ಮೆದುರು ಹೇಳಲೆಂದು ಎರಡು ಸಲ ನಿಮ್ಮ ಕೋಣೆಯ ಹೊರಗೆ ನಿಂತೆ, ಬಾಗಿಲು ತಟ್ಟದೆ ಅಂಗಡಿಗೆ ಮರಳಿದೆ. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನನ್ನ ಒತ್ತಾಯ ಇಷ್ಟೇ. ಎಂಆರ್‌ಐಯ ಸಾಲು ನಿಮ್ಮ ಕಚೇರಿಯದ್ದು, ಜಸೀಲಾ ಅವರದ್ದಲ್ಲ ಎಂದು ಆ ಆಸ್ಪತ್ರೆಗೆ ಬರೆದು ತಿಳಿಸಿ. ಹದಿನಾಲ್ಕು ನೋಟ್‌ಬುಕ್ ಎದುರಿಟ್ಟುಕೊಂಡು ಅವರ ಜೊತೆ ಒಂದು ಗಂಟೆ ಕುಳಿತುಕೊಳ್ಳಿ, ಕಂಡದ್ದನ್ನು ಬರೆಯಿರಿ. ಪುರುಸೊತ್ತಿಲ್ಲವಾದರೆ "ಈ ವಿದ್ಯಾರ್ಥಿನಿಯ ಕೆಲಸವನ್ನು ನಾನು ನೋಡಿಲ್ಲ" ಎಂದು ಒಂದೇ ಸಾಲು ಬರೆದು ಸಹಿ ಹಾಕಿ. ನಿಮ್ಮ ವಿಭಾಗದಿಂದ ಹೊರಟ ಮೊದಲ ನಿಜವಾದ ಪತ್ರ ಅದೇ ಆದೀತು, ಅದರಿಂದ ಅವರಿಗೆ ನಷ್ಟವೂ ಆಗದು.

ಆ ಹಳೆಯ ಪತ್ರವನ್ನು ನಮ್ಮ ಕಂಪ್ಯೂಟರಿನಿಂದ ಅಳಿಸಿದ್ದೇನೆ. ಈ ಗುರುವಾರ ಶೋಧನ್ ಅವರು ಬಾನೆಟ್ಟಿನ ಮೇಲೆ ಇಡುವ ಹಾಳೆಗಳಲ್ಲಿ ನಾನು ಟೈಪ್ ಮಾಡಿ ಕಳಿಸಿದ ಒಂದನ್ನು ಎಳೆದು ನೋಡಿ. ಮೇಲೆ ಜಸೀಲಾ ಅವರ ಹೆಸರು ಇರುತ್ತದೆ, ಕೆಳಗೆ ನಿಮ್ಮ ಸಹಿಯ ಜಾಗ ಇರುತ್ತದೆ. ನಡುವೆ ಏನೂ ಇಲ್ಲ. ಅಲ್ಲಿ ನೀವೇ ಬರೆಯಬೇಕು.

ಇಂತಿ,
ಇಷ್ಟು ವರ್ಷ ನಿಮ್ಮ ಸಹಿಯ ಮೇಲಿನದ್ದನ್ನೆಲ್ಲ ಟೈಪ್ ಮಾಡಿಕೊಟ್ಟು, ಈಗ ನಾಚಿಕೆಪಡುತ್ತಿರುವ
ವಿನೋದಾ, ಬೆಳುವಾಯಿ