ಕಾಜಾ ಇಲ್ಲದ ಅಂಗಿ

ಮಾರ್ಚ್ 9, ಭಾನುವಾರ

ಪ್ರೀತಿಯ ಪುಟ್ಟಿ,

ಅಕ್ಕನ ಆಶೀರ್ವಾದಗಳು. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಏನು ಮಾಡಲಿ, ನಾಲ್ಕು ತಿಂಗಳಿಂದ ಅರ್ಜಿ, ಮೇಲ್ಮನವಿ, ವಿಚಾರಣೆ ಎಂದು ಅಲೆದು, ಕಚೇರಿಗೆ ಬರೆಯುವುದರಲ್ಲೇ ಕೈ ಸೋತುಹೋಯಿತು. ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ: ನಿನ್ನ ಭಾವನಿಗೆ ಅಂಗವಿಕಲರ ವೇತನ ಮಂಜೂರಾಯಿತು. ಇನ್ನು ಬೈಯಲು ಬಿಡು.

ಭಾವನ ಬೆರಳುಗಳ ನರ ಸೋತು ಎರಡು ವರ್ಷವಾಯಿತು, ಅಂಗಡಿ ಮುಚ್ಚಿದ್ದೂ ನಿನಗೆ ಗೊತ್ತು. ಬೇರೆ ಗತಿ ಇಲ್ಲದವರಿಗೆ ಮಾತ್ರ ಕೊಡುವ ವೇತನ ಅದು; ಹಾಗಾಗಿ ಮನೆ ನೋಡಲು ಒಬ್ಬ ಪರಿಶೀಲಕ ಬಂದ. ಹೊರಗಿನವರ ಮುಂದೆ ಗತಿಗೆಟ್ಟವರಂತೆ ಕಾಣಬಾರದು ಎಂದು ನಾನೊಬ್ಬಳು ಹುಚ್ಚಿ, ನೆಲ ತಿಕ್ಕಿ, ಭಾವನ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ ಕೂರಿಸಿದ್ದೆ. ಆ ಅಂಗಿ ನನ್ನದೇ ಕೈಚಳಕ. ಗುಂಡಿ ತೂರುವ ಕಾಜಾಗಳನ್ನೆಲ್ಲ ಹೊಲಿದು ಮುಚ್ಚಿ, ಮೇಲೆ ಗುಂಡಿಗಳನ್ನು ಬರೀ ಅಂದಕ್ಕೆ ಕೂರಿಸಿ, ಒಳಗೆ ಒತ್ತಿದರೆ ಅಂಟಿಕೊಳ್ಳುವ ಪಟ್ಟಿ ಹಾಕಿದ್ದೆ. ಊರಿಗೆಲ್ಲ ಅಂಗಿ ಹೊಲಿದ ದರ್ಜಿ ತನ್ನ ಗುಂಡಿ ತಾನು ಹಾಕಿಕೊಳ್ಳಲಾರ ಎಂಬುದು ಯಾರಿಗೂ ತಿಳಿಯಬಾರದಿತ್ತು.

ಆ ಮಹಾನುಭಾವ ಹತ್ತು ನಿಮಿಷವೂ ಕೂರಲಿಲ್ಲ. "ಚೆನ್ನಾಗಿದ್ದೀರಾ?" ಅಂದ. ಭಾವ, "ಹ್ಞೂಂ ಸಾರ್, ಚೆನ್ನಾಗಿದ್ದೀನಿ" ಅಂದರು. ಮನೆಗೆ ಬಂದವರಿಗೆ ಇನ್ನೇನು ಹೇಳುತ್ತಾರೆ? ಮೂರು ವಾರಕ್ಕೆ ಅರ್ಜಿ ತಿರಸ್ಕಾರವಾಯಿತು. 'ಅರ್ಜಿದಾರರು ಅಂಗಿಯ ಗುಂಡಿ ಹಾಕಿಕೊಂಡಿದ್ದು, ಬೆರಳುಗಳು ಕೆಲಸ ಮಾಡುತ್ತಿವೆ. ಆರೋಗ್ಯವಾಗಿರುವುದಾಗಿ ತಾವೇ ಒಪ್ಪಿದ್ದಾರೆ. ಮನೆಯಲ್ಲಿ ಎರಡು ಹೊಲಿಗೆ ಯಂತ್ರಗಳಿವೆ.' ನನ್ನ ಮೈಯೆಲ್ಲ ಉರಿದುಹೋಯಿತು ಪುಟ್ಟಿ! ಒಂದು ನನ್ನದು, ಎರಡನೆಯದು ಭಾವನ ಯಂತ್ರ. ಮುಸುಕು ಹೊದ್ದು ಮೂಲೆಯಲ್ಲಿದೆ, ಅದರ ಮೇಲೆ ಔಷಧಿ ಡಬ್ಬಿಗಳು. ಕಣ್ಣನ್ನು ಮನೆಯಲ್ಲಿಟ್ಟು ಬಂದಿದ್ದನೋ ಏನೋ. ಒಂದು ಲೋಟ ಎತ್ತಿ ತೋರಿಸಿ ಎಂದು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಉಚಿತ ಕಾನೂನು ನೆರವಿನ ಕೇಂದ್ರಕ್ಕೆ ಓಡಿದೆ. ಗ್ರಂಥಾಲಯದ ಮೇಲಿನ ಕೋಣೆ, ಒಂದು ಮೇಜು, ಕಾಲು ಅಲ್ಲಾಡುವ ಬೆಂಚು. ವಕೀಲೆ ನಿನಗಿಂತ ಚಿಕ್ಕವಳು, ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು ಮೇಜೆಲ್ಲ ಹುಡುಕುತ್ತಾಳೆ. ಕಾಗದ ಓದಿ, ಅಂಗಿಯ ಕಥೆ ಕೇಳಿ ನನಗೇ ಗದರಿದಳು: "ಏನಮ್ಮಾ, ಮನೆ ತೋರಿಸಿ ಕಷ್ಟ ಮುಚ್ಚಿಟ್ರಾ? ಮುಚ್ಚಿದ್ದನ್ನ ತೆಗೆದು ನೋಡೋ ಪೈಕಿ ಅಲ್ಲ ಅವರು. ಮೇಲ್ಮನವಿಗೆ ಇನ್ನು ಒಂಬತ್ತೇ ದಿನ ಇದೆ. ಆ ಅಂಗಿ ತನ್ನಿ. ವಿಚಾರಣೇಲಿ ಇದ್ದದ್ದು ಇದ್ದ ಹಾಗೆ ಹೇಳಿ. ಹೆಚ್ಚೂ ಬೇಡ, ಕಮ್ಮಿನೂ ಬೇಡ."

ವಿಚಾರಣೆಯ ದಿನ ಮೇಜಿನಾಚೆ ಮೇಲ್ಮನವಿ ಕೇಳುವ ಮೂವರು ಕೂತಿದ್ದರು. ವಕೀಲೆ ಅಂಗಿಯನ್ನು ಹರಡಿ, ಒಳಗಿನ ಪಟ್ಟಿಯನ್ನು ಪರ್ರನೆ ಬಿಚ್ಚಿದಳು. ಆ ಸದ್ದಿಗೆ ಮೂಲೆಯಲ್ಲಿ ಟೈಪು ಮಾಡುತ್ತಿದ್ದವಳೂ ತಲೆಯೆತ್ತಿದಳು. ಭಾವ ಪಕ್ಕದಲ್ಲೇ ನೆಲ ನೋಡುತ್ತಿದ್ದರು. ಅಧ್ಯಕ್ಷರು ಅವರನ್ನು ಬಿಟ್ಟು ನನ್ನನ್ನು ಕೇಳಿದರು: "ಒಂದು ಗುಂಡಿನಾದ್ರೂ ಹಾಕ್ಕೋತಾರೇನಮ್ಮಾ?"

ಅಷ್ಟು ದಿನದ ಸಿಟ್ಟು ಗಂಟಲಿಗೆ ಬಂತು. "ಒಂದೂ ಇಲ್ಲ! ಊಟ, ಸ್ನಾನ ಎಲ್ಲಾ ನನ್ನ ಕೈಯಲ್ಲೇ. ಇನ್ನೇನು ಬಿಚ್ಚಿ ತೋರಿಸ್ಬೇಕು ನಿಮಗೆ?" ಅಂದೆ.

ಹಳೆಯ ಆದೇಶ ಅಲ್ಲೇ ರದ್ದಾಯಿತು. ಹೊರಗೆ ಬಂದ ವಕೀಲೆ ನನ್ನ ಕೈ ಹಿಡಿದು ಕುಣಿದಳು. ನನಗೇನೋ ಗೆದ್ದೆ ಅನ್ನಿಸಲಿಲ್ಲ. ಗಂಡನ ಮಾನವನ್ನು ಮೇಜಿನ ಮೇಲೆ ಹರಡಿದ ಮೇಲಷ್ಟೇ ಕಣ್ಣು ಬಿಡುವ ಕಚೇರಿಗೆ ನನ್ನ ಧಿಕ್ಕಾರವಿರಲಿ.

ಮಕ್ಕಳಿಗೆ ಮುತ್ತು. ಎಲ್ಲರೂ ಗಟ್ಟಿಯಾಗಿ, ಚೆನ್ನಾಗಿ ಬಾಳಿ. ಯಾವ ಪರಿಶೀಲಕನೂ ನಿಮ್ಮ ಹೊಸ್ತಿಲು ತುಳಿಯದಿರಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಕಾಜಾಗಳನ್ನೆಲ್ಲ ಮುಚ್ಚಿದ್ದೆ ಎಂದೆನಲ್ಲ, ಕತ್ತಿನ ಹತ್ತಿರದ್ದನ್ನು ಮುಚ್ಚಿರಲಿಲ್ಲ. "ಅದೊಂದು ಬಿಡೇ" ಎಂದು ಭಾವನೇ ಹೇಳಿದ್ದರು. ಕೈ ಹಗುರವಿದ್ದ ಬೆಳಿಗ್ಗೆ ಕಿಟಕಿಯ ಪಕ್ಕ ಕೂತು, ಕಾಲು ಗಂಟೆ ಹೆಣಗಿ, ಆ ಒಂದು ಗುಂಡಿಯನ್ನು ತಾವೇ ಹಾಕಿಕೊಂಡು "ನೋಡಿಲ್ಲಿ" ಎಂದು ನನ್ನನ್ನು ಕರೆಯುತ್ತಿದ್ದರು. ಅದು ಗೊತ್ತಿದ್ದೂ ಒಂದೂ ಇಲ್ಲ ಅಂದುಬಿಟ್ಟೆ. ನಿನ್ನೆ ಅದೇ ಅಂಗಿ ತೊಡಿಸಿದೆ. ಭಾವ ಕತ್ತು ಮೇಲೆತ್ತಿ, ಆ ಗುಂಡಿಯನ್ನೂ ನಾನೇ ಹಾಕಲಿ ಎಂದು ನಿಂತರು.