ಬ್ಯಾಟರಿ ಮೋಂಬತ್ತಿ

ಡರ್ವ್‌ಲಾ,

ಈ ಪತ್ರ ಕಳಿಸಿದರೆ ನೀನು ಓದದೆಯೇ ಹರಿದು ಹಾಕುತ್ತೀಯ. ಅದಕ್ಕೇ ಕಳಿಸುವುದಿಲ್ಲ. ಆದರೂ ಇವತ್ತಿನ ಸುದ್ದಿ ಕೇಳು, ನಗುತ್ತೀಯ.

ನಿನ್ನೆ ಸಂಜೆಯಿಂದ ಬ್ರಿಜಿಡ್ ದೇವಿಯ ಜ್ಯೋತಿ ಕಾಯುವ ಸರದಿ ನನ್ನದು. ಬೆಳಿಗ್ಗೆ ಚಹಾಕ್ಕೆ ನೀರಿಡುವಷ್ಟರಲ್ಲಿ ನನ್ನ ಬೆಕ್ಕು ಮೋಂಬತ್ತಿಯನ್ನು ಪರದೆಯ ಮೇಲೆ ಕೆಡವಿತು. ಅಗ್ನಿಶಾಮಕದವರು ಬಂದಾಗ ಪರದೆ ಧಗಧಗ ಉರಿಯುತ್ತಿತ್ತು. ನಾನು ಇನ್ನೂ ಆರದ ಮೋಂಬತ್ತಿಯನ್ನು ಎತ್ತಿಕೊಂಡು, ಅದಕ್ಕೆ ಕೈ ಅಡ್ಡ ಹಿಡಿದು ನಿಂತಿದ್ದೆ.

"ಅಮ್ಮಾ, ಮೊದ್ಲು ಅದನ್ನ ಆರ್ಸಿ!" ಎಂದ ಅವರಲ್ಲೊಬ್ಬ.

"ಆಗಲ್ಲಪ್ಪ. ಹತ್ತೊಂಬತ್ತು ಹೆಂಗಸ್ರು ದಿನಕ್ಕೊಬ್ರು ಕಾಯ್ತೀವಿ. ಇಪ್ಪತ್ತನೇ ದಿನ ಮಾತ್ರ ದೇವೀನೇ ಕಾಯ್ತಾಳೆ."

"ಹಂಗಾದ್ರೆ ಇವತ್ತೂ ಅವಳಿಗೇ ಬಿಡಿ," ಎಂದವನು ನನ್ನನ್ನೂ ಸೇರಿಸಿ ನೀರು ಹೊಡೆದೇಬಿಟ್ಟ. ಕಿಲ್ಡೇರ್ ಊರಿಗೆ ಊರೇ ಕಿಟಕಿಗೆ ಬಂದು ನೋಡಿತು.

ಆಮೇಲೆ ಪಾಪ ಅನಿಸಿರಬೇಕು. ಮುದುಕಿಯರಿಗೆ ಹಂಚಲು ಇಟ್ಟುಕೊಂಡಿದ್ದ ಬ್ಯಾಟರಿ ಮೋಂಬತ್ತಿಯೊಂದನ್ನು ತಂದು ಕೈಗಿಟ್ಟ. "ದೇವಿಗೆ ಬೆಳಕು ಕಂಡ್ರೆ ಸಾಕಲ್ವಾ?"

ನೀನೂ ಇದನ್ನೇ ಹೇಳಿದ್ದೆ. ನಿಮ್ಮ ಮನೆಯಲ್ಲಿ ನಿನ್ನ ಅಮ್ಮನಿಗೆ ಆಕ್ಸಿಜನ್ ಸಿಲಿಂಡರ್ ಇಟ್ಟಿದ್ದಾರೆ, ಬೆಂಕಿ ಹಚ್ಚುವ ಹಾಗಿಲ್ಲ ಎಂದೂ ಹೇಳಿದ್ದೆ. "ನಮ್ಮ ದೇವಿಯೇನು ಆಟದ ಸಾಮಾನಾ?" ಎಂದು ಎಲ್ಲರೆದುರು ಕೇಳಿದವಳು ನಾನು.

ಈಗಷ್ಟೇ ಹೊತ್ತು ಮುಳುಗಿತು. ಸರದಿ ನಿನ್ನ ಎಂಟನೇ ದಿನಕ್ಕೆ ದಾಟಿತು. ನೀನು ಬಿಟ್ಟುಹೋದ ಆ ಜಾಗಕ್ಕೆ ಇನ್ನೂ ಯಾರನ್ನೂ ಸೇರಿಸಿಕೊಂಡಿಲ್ಲ. ಬ್ಯಾಟರಿ ಮೋಂಬತ್ತಿ ಕಿಟಕಿಯಲ್ಲಿ ಉರಿಯುತ್ತಲೇ ಇದೆ. ಅದನ್ನು ಆರಿಸುವ ಗುಂಡಿ ಎಲ್ಲಿದೆಯೆಂದು ನಾನು ಹುಡುಕಿಲ್ಲ.

ಏಳನೇ ದಿನದ ಗೊಬ್ನಿತ್