ಕಸವೆಂದು ಹೆಸರಿಟ್ಟ ಫೋಲ್ಡರ್

ಗುಳೇದಗುಡ್ಡ
೨೧೯೧ನೇ ಇಸವಿ, ಆಷಾಢದ ನಲವತ್ತೊಂದನೇ ದಿನ

ಮಹಾಂತೇಶಜ್ಜನವರಿಗೆ ಶರಣಮ್ಮನ ನಮಸ್ಕಾರಗಳು. ನಿಮ್ಮ ಬೆನ್ನುನೋವು ಹೇಗಿದೆ? ನಿಮ್ಮ ಹೆಂಡತಿ ದಾಕ್ಷಾಯಣಮ್ಮನವರ ಕೆಮ್ಮು ಇಳಿಯಿತೇ? ನಿಮ್ಮ ತಾಯಿ ತಿಪ್ಪವ್ವನವರು ತೀರಿಕೊಂಡು ಇನ್ನೂ ಮೂರು ತಿಂಗಳು. ಮನೆ ಬಿಕೋ ಎನ್ನುತ್ತಿರಬೇಕು. ನಾನು ನಿಮ್ಮ ಏಳನೆಯ ತಲೆಮಾರಿನವಳು. ಸಂಬಂಧದಲ್ಲಿ ನೀವು ಅಜ್ಜ, ವಯಸ್ಸಿನಲ್ಲಿ ನಾನೇ ಮೂವತ್ತು ವರ್ಷ ದೊಡ್ಡವಳು. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ತಿಂಗಳುಗಳು ಉದ್ದ. ಶಾಲೆಗೆ ಹೋದವಳಲ್ಲ, ನೋಡಿ ನೋಡಿ ಅಕ್ಷರ ಕಲಿತವಳು. ಮಾತು ವಿಚಿತ್ರವೆನಿಸಿದರೆ ಮನ್ನಿಸಿ.

ನಿಮ್ಮ ಮೇಜಿನ ಮೇಲಿರುವ ಕಂಪ್ಯೂಟರನ್ನು ನಾವು ಮನೆಮತಿ ಎನ್ನುತ್ತೇವೆ. ನಮ್ಮಲ್ಲಿ ಅದು ಗೋಡೆಯೊಳಗಿರುತ್ತದೆ. ಬಾಗಿಲು ತೆಗೆಯುವುದು, ಒಲೆ ಹೊತ್ತಿಸುವುದು, ರೊಟ್ಟಿ ಹಿಟ್ಟಿಗೆ ಹದವಾದ ಬಿಸಿನೀರು ಬಿಡುವುದು ಎಲ್ಲ ಅದರ ಕೆಲಸ. ಐದು ವಾರದಿಂದ ಹೊಸ ಆವೃತ್ತಿ ಹಾಕಿಸಿಕೋ ಎಂದು ನನ್ನ ಬೆನ್ನು ಹತ್ತಿದೆ. ಬೇಡವೆಂದ ಮೇಲೆ ಒಲೆ ತಡವಾಗಿ ಹೊತ್ತುತ್ತಿದೆ. ಬೇಕೆಂದೇ ಮಾಡುತ್ತಿದೆ ಎಂದು ನನ್ನ ಗುಮಾನಿ. ಮೊಮ್ಮಗಳು ಇಂಚರಾ, "ಆಯಿ, ನಿನ್ನ ಕೂಡ ಜಗಳ ಆಡಾಕ ಅದಕ್ಕ ಪುರುಸೊತ್ತರ ಎಲ್ಲೈತಿ" ಎಂದು ನಗುತ್ತಾಳೆ. "ಏನೂ ಕಳೆಯುವುದಿಲ್ಲ" ಎಂದು ಅದು ದಿನಕ್ಕೆ ಮೂರು ಸಲ ಹೇಳುತ್ತದೆ. ಕೇಳದೆಯೇ ಇಷ್ಟು ಸಲ ಹೇಳುವವರನ್ನು ನಾನು ನಂಬುವುದಿಲ್ಲ. ಅದಕ್ಕೇ ಇದನ್ನು ಕೈಯಲ್ಲಿ ಬರೆದು ಹಿಂಟಪಾಲಿಗೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಗೆ, ಹಾಕುತ್ತಿದ್ದೇನೆ.

ಬರುವ ಬುಧವಾರ ನಿಮ್ಮ ಕಂಪ್ಯೂಟರೂ ಹೊಸ ಆಪರೇಟಿಂಗ್ ಸಿಸ್ಟಂ ಕೇಳುತ್ತದೆ, ಜಾಗ ಸಾಲದು ಎನ್ನುತ್ತದೆ. ನೀವು ಮಗ್ಗದ ಮೇಲಿರುತ್ತೀರಿ. ದಾಕ್ಷಾಯಣಮ್ಮ ನಿಮಗೆ ಅನುಕೂಲವಾಗಲೆಂದು 'ಕಸ' ಎಂಬ ಫೋಲ್ಡರನ್ನು ಅಳಿಸಿಬಿಡುತ್ತಾರೆ. ಅವರನ್ನು ಬಯ್ಯಬೇಡಿ. ಆ ಹೆಸರು ಇಡಿಸಿದ್ದು ತಿಪ್ಪವ್ವನವರು. ಅವರಿಗಿಂತ ಮುಂಚೆ ಹುಟ್ಟಿದ ಇಬ್ಬರೂ ಉಳಿಯಲಿಲ್ಲವೆಂದು, ಇವರನ್ನು ತಿಪ್ಪೆಯಲ್ಲಿ ಉರುಳಿಸಿ ತಿಪ್ಪವ್ವ ಎಂದು ಹೆಸರಿಟ್ಟರು. ಎಂಬತ್ತನಾಲ್ಕು ವರ್ಷ ಬದುಕಿದರು. ಕುಪ್ಪಸದ ಖಣದ ಚವಳಿಕಾಯಿ ವಿನ್ಯಾಸದ ಅಂಚಿಗೆ ಎಷ್ಟು ಎಳೆ ಬಿಡಬೇಕು, ಎಷ್ಟು ಎತ್ತಬೇಕು ಎಂದು ಅವರು ಹೇಳಿದ್ದನ್ನು ನೀವು ರೆಕಾರ್ಡ್ ಮಾಡಿ ಆ ಫೋಲ್ಡರಿನಲ್ಲಿ ಇಟ್ಟ ದಿನ, "ಚಂದ ಹೆಸರಿಟ್ರ ಕಣ್ಣು ಬೀಳತೈತಿ ತಮ್ಮಾ, ಕಸ ಅಂತ ಬರಿ" ಎಂದರಂತೆ. ಅದನ್ನು ಹೆಂಡತಿಗೆ ಹೇಳಲು ನೀವು ಮರೆತಿರಿ.

ಆ ಅಂಚು ನೇಯಬಲ್ಲವರು ಈಗ ಯಾರೂ ಇಲ್ಲ. ನನ್ನ ಹತ್ತಿರ ಅಂಗೈಯಗಲದ ತುಂಡೊಂದಿದೆ. ಹನ್ನೆರಡು ವರ್ಷದಿಂದ ಅದನ್ನು ನೋಡಿಕೊಂಡೇ ನೇಯುತ್ತಿದ್ದೇನೆ. ನಾಲ್ಕು ಬೆರಳಿನಷ್ಟು ಸರಿಯಾಗಿ ಬರುತ್ತದೆ, ತಿರುವಿನಲ್ಲಿ ಎಳೆ ತಪ್ಪುತ್ತದೆ. ಕಣ್ಣು ಮಬ್ಬಾಗುತ್ತಿದೆ. ಪೂರ್ತಿ ಅಂಚು ಒಮ್ಮೆ ತೋರಿಸಿದರೆ ಕಲಿಯುತ್ತೇನೆ ಎಂದು ಇಂಚರಾ ಒಪ್ಪಿದ್ದಾಳೆ, ತೋರಿಸಲು ನನ್ನಲ್ಲಿಲ್ಲ.

ಇನ್ನೊಂದು ಯಂತ್ರಕ್ಕೆ ಹಾಕಿಡಿ ಎನ್ನಲಾರೆ, ಅದರ ಮೇಲೂ ನನಗೆ ಅನುಮಾನ. ಬುಧವಾರಕ್ಕೆ ಮೊದಲು ಗಂಡಹೆಂಡತಿ ಇಬ್ಬರೂ ಕೂತು ಆ ರೆಕಾರ್ಡಿಂಗ್ ಕೇಳಿ, ತಿಪ್ಪವ್ವನವರು ಹೇಳಿದಂತೆಯೇ ಕಾಗದದಲ್ಲಿ ಬರೆಯಿರಿ. ನಿಮ್ಮಿಂದ ನಮಗೆ ಟಪಾಲಿನ ಅಗತ್ಯವಿಲ್ಲ. ಮಗ್ಗದ ಕೋಣೆಯ ಗೋಡೆಗೂಡಿನಲ್ಲಿ ಒಳಗೆ ಸರಿಸಿಟ್ಟರೆ ಸಾಕು, ದಿನಗಳೇ ತಂದುಕೊಡುತ್ತವೆ. ಆ ಗೂಡು ಇನ್ನೂ ಇದೆ. ಇವತ್ತು ಬೆಳಿಗ್ಗೆ ಕೈಹಾಕಿ ನೋಡಿದೆ, ಬರೀ ಧೂಳು. ನಾಳೆ ಮತ್ತೆ ನೋಡುತ್ತೇನೆ. ಬೇಗ ಬರೆಯಿರಿ.

ನಿಮ್ಮವಳೇ ಆದ
ಶರಣಮ್ಮ